ಕುರುಗೋಡಿನ ಮನೆಯೊಂದರ ಹಳಿ

ಅಪ್ಪಾ,

ಬಳ್ಳಾರಿಗೆ ವರ್ಗವಾಗಿ ಬಂದು ಎಂಟು ತಿಂಗಳಾಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ನಾನು ಹುಟ್ಟುವ ಮೊದಲು ನೀನು ಕೀಮನ್ ಆಗಿ ಹಳಿ ಕಾಯ್ದ ಊರು ಎಂಬುದನ್ನು ಬಿಟ್ಟರೆ ನನಗಿಲ್ಲಿ ಬೇರೆ ನಂಟಿರಲಿಲ್ಲ. ಭಾನುವಾರ ಬೆಳಿಗ್ಗೆ ಕವಿತೆಯ ಪುಸ್ತಕ ಹಿಡಿದು ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತೇನೆ. ಅದಿರಿನ ಗೂಡ್ಸ್ ಬಂದರೆ ಪುಸ್ತಕ ಮುಚ್ಚಿ ಡಬ್ಬಿ ಎಣಿಸುತ್ತೇನೆ. ಐವತ್ತರ ಹತ್ತಿರ ಬಂದವಳು ಹೀಗೆ ಕೂತದ್ದನ್ನು ನೋಡಿದ್ದರೆ ನೀನು ಏನನ್ನುತ್ತಿದ್ದೆಯೋ...

ಆಮೇಲೆ ಬೇರೆ ಊರಿನಲ್ಲಿ ನೀನು ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ ಸಂಜೆಗಳು ನೆನಪಾಗುತ್ತವೆ. ಸುತ್ತಿಗೆ ಮೂಲೆಗಿಟ್ಟು, ಅವ್ವ ನೀರು ಕೊಡುವ ಮೊದಲೇ "ದಾರಿ ಬಿಗಿ ಐತಿ" ಅನ್ನುತ್ತಿದ್ದೆ. ಹಳಿಯನ್ನು ಹಿಡಿದಿಡುವ ಬೆಣೆಗಳನ್ನು ಬಡಿಯುತ್ತ ಮೈಲಿಗಟ್ಟಲೆ ನಡೆದವನು, ಸದ್ದಿನಲ್ಲೇ ಸಡಿಲವಾದದ್ದನ್ನು ಗುರುತಿಸುತ್ತಿದ್ದವನು ನೀನು. ಮೀಟರ್ ಗೇಜ್ ಕಿತ್ತು ದೊಡ್ಡ ಹಳಿ ಹಾಕಿದ ಮೇಲೆ ಆ ಮಾತು ನಿಂತುಹೋಯಿತು. ಕೊನೆಗೆ ಆಸ್ಪತ್ರೆಯಲ್ಲಿ, "ನಾ ಬಡದ ಹಳಿ ಒಂದೂ ಉಳದಿಲ್ಲವ್ವಾ. ಇಷ್ಟು ವರ್ಷ ಎಲ್ಲಿ ನಡದ್ನೋ ಏನೋ" ಅಂದೆ. ನಾನು ನಿನ್ನ ಕಾಲೊತ್ತಿದೆ. ಏನು ಹೇಳಬಹುದಿತ್ತು, ಅಪ್ಪಾ?

ಆ ಉತ್ತರ ನನಗೆ ಬೇಕಿತ್ತು. ಸ್ಟೇಷನ್ ಎದುರು ಚಹಾ ಮಾರುವ ಮುದುಕರೊಬ್ಬರು, ಹಳೇ ಹಳಿಗಳು ಹರಾಜಾಗಿ ಸುತ್ತಲ ಊರುಗಳ ಮನೆಗಳಿಗೆ ತೊಲೆಯಾದದ್ದೂ ಉಂಟು ಎಂದರು. ಮೊದಲು ಸಿರುಗುಪ್ಪಕ್ಕೆ ಹೋದೆ. ಆ ಊರಿಗೆ ರೈಲೇ ಇಲ್ಲ. ಬಸ್ ಸ್ಟ್ಯಾಂಡಿನ ಹಣ್ಣಿನಂಗಡಿಯವರು ನಕ್ಕುಬಿಟ್ಟರು. "ಬರೋ ರೈಲಿನ ದಾರಿ ನಾವು ಕಾಯಾಕತ್ತೀವ್ರಿ. ನೀವು ನೋಡಿದ್ರ ಹೋದ ರೈಲು ಹುಡುಕ್ಕೊಂತ ಬಂದೀರಿ." ನಕ್ಕವರೇ, ಕುರುಗೋಡಿನ ತಮ್ಮ ಬೀಗರ ಮನೆಯಲ್ಲಿ ಅಂಥದ್ದೊಂದು ತೊಲೆಯಿದೆ ಎಂದು ವಿಳಾಸ ಬರೆದುಕೊಟ್ಟರು.

ಹೋದ ಭಾನುವಾರ ಆ ಮನೆಯ ಪಡಸಾಲೆಯಲ್ಲಿ ತಲೆಯೆತ್ತಿ ನಿಂತೆ. ಸುಣ್ಣ ಬಳಿದರೇನು, ಹಳಿಯ ಆಕಾರ ಅಡಗೀತೇ? ಈಗಿನದಕ್ಕಿಂತ ಗಿಡ್ಡ, ತುದಿಯಲ್ಲಿ ಎರಡು ಬೋಲ್ಟಿನ ತೂತು. ತಮ್ಮ ಗಂಡ ಬಳ್ಳಾರಿಯಿಂದ ಟ್ರ್ಯಾಕ್ಟರಿನಲ್ಲಿ ತಂದದ್ದು ಎಂದರು ಮನೆಯ ಅಜ್ಜಿ. ನನಗೆ ತಡೆಯಲಾಗಲಿಲ್ಲ. ಅವರ ಎಲೆಯಡಿಕೆಯ ಕಬ್ಬಿಣದ ಕುಟ್ಟಾಣಿ ಹಿಡಿದು, ಸ್ಟೂಲು ಹತ್ತಿ, ನಿನ್ನ ಹಾಗೆ ಎರಡು ಸಲ ಬಡಿದೆ. ಠಣ್ ಎಂದಿತು. ಆ ತೂತುಗಳನ್ನೇ ನೋಡುತ್ತಿದ್ದವಳಿಗೆ ಹಳಿಯ ಆಚೆ ತುದಿಗೆ ಕಟ್ಟಿದ್ದ ಸೀರೆಯ ತೊಟ್ಟಿಲು ಕಂಡಿರಲೇ ಇಲ್ಲ. ಕೂಸು ಚೀರಿ ಎದ್ದಿತು.

"ಈಗರ ಮಲಗಿತ್ತವ್ವಾ. ತೊಲಿ ಹಂಗ್ಯಾಕ ಬಡೀತಿ, ಬೀಳ್ತೈತೇನು ನೋಡಾಕ?" ಎಂದು ಅಜ್ಜಿ ಗದರಿದರು.

"ನಮ್ಮಪ್ಪ ಬಡೀತಿದ್ದ ಹಳಿ ಇರಬಹುದ್ರಿ" ಎಂದೆ. ಸ್ಟೂಲಿನಿಂದ ಇಳಿದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ತೊಟ್ಟಿಲ ಹಗ್ಗವನ್ನು ನನ್ನ ಕೈಗಿಟ್ಟರು. "ಹಂಗಾದ್ರ ನೀನ ತೂಗು. ಏಳು ಮಕ್ಕಳು ಇದಕ್ಕ ಕಟ್ಟಿದ ತೊಟ್ಲಾಗ ಬೆಳದಾವು. ಒಮ್ಮಿನೂ ಅಲಗಾಡಿಲ್ಲ."

ಅದು ನೀನು ನಡೆದ ದಾರಿಯದೇ ತುಣುಕು ಎಂದು ಆಣೆ ಮಾಡಲಾರೆ. ಆದರೆ ಸದ್ದು ಕೇಳಿದೆ. ನಿನ್ನ ಮಗಳಿಗೆ ಅಷ್ಟು ಗೊತ್ತಾಗುತ್ತದೆ. ತೂಗುತ್ತ ಕೂತೆ, ಕೂಸಿಗೆ ಮತ್ತೆ ನಿದ್ದೆ ಹತ್ತಿತು. ಅವತ್ತು ಆಸ್ಪತ್ರೆಯಲ್ಲಿ ಹೇಳಲಾಗದ್ದನ್ನು ಈಗ ಹೇಳುತ್ತೇನೆ, ಅಪ್ಪಾ.

ದಾರಿ ಬಿಗಿ ಐತಿ.