ಹೆಸರು ಹೇಳದ ಪ್ರಾರ್ಥನೆ

ಜೂನ್ ೩, ಮಂಗಳವಾರ. ಬೆಳಿಗ್ಗೆ ೬

ನಾಳೆ ಬುಧವಾರದ ಪ್ರಾರ್ಥನಾ ಕೂಟ. ಎಲ್ಲರ ಪರವಾಗಿ ಪ್ರಾರ್ಥಿಸುವ ಸರದಿ ಮತ್ತೆ ನನಗೇ. ಚೀಟಿಗಳನ್ನು ಜೋಡಿಸಿಕೊಂಡೆ — ಮಂಡಿ ಆಪರೇಷನ್ ಎರಡು, ಪರೀಕ್ಷೆ ನಾಲ್ಕು, ಕುಡಿತ ಬಿಡದ ಗಂಡ ಒಂದು. ಕಳೆದ ತಿಂಗಳೂ ಅದೇ ಗಂಡ.

ಚೀಟಿಯಲ್ಲಿ ಇಲ್ಲದ್ದು ಒಂದಿದೆ. ಟೈಲರ್‌ದು. ಇಪ್ಪತ್ತು ವರ್ಷದಿಂದ ಗೆಳತಿ, ಚರ್ಚಿನಲ್ಲಿ ಒಂದೇ ಬೆಂಚು; ಬುಧವಾರದ ಕೂಟಕ್ಕೆ ಮಾತ್ರ ಅಂಗಡಿ ಬಿಟ್ಟು ಬರುವವಳಲ್ಲ. ಶುಕ್ರವಾರ ಅಂಗಡಿಗೆ ಹೋದಾಗ ಬಾಗಿಲು ಅರ್ಧ ಎಳೆದು ಬಲಗೈ ಚಾಚಿ ತೋರಿಸಿದಳು. ಹೆಬ್ಬೆರಳು ತಾನೇ ತಾನಾಗಿ ಅಲುಗುತ್ತಿತ್ತು, ಏನನ್ನೋ ಎಣಿಸುವಂತೆ. ನರದ ಕಾಯಿಲೆ. ಮೆಲ್ಲಗೆ ಹೆಚ್ಚುತ್ತದಂತೆ.

"ಮಾತ್ರೆ ತಗೊಂಡ್ರೆ ಸಂಜೆವರೆಗೂ ಹೊಲಿಗೆ ನೆಟ್ಟಗೇ ಬರುತ್ತೆ. ಇನ್ನೂ ಎರಡು ವರ್ಷ ಧೈರ್ಯವಾಗಿ ಹೊಲಿ ಅಂದಿದಾರೆ ಡಾಕ್ಟರು. ಆದ್ರೆ ಜನಕ್ಕೆ ಗೊತ್ತಾದ್ರೆ ಎರಡು ವಾರಕ್ಕೆ ಅಂಗಡಿ ಖಾಲಿ. ನಮ್ಮ ನಾದಿನಿಗೆ, ನಿಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಬಾಯಿ ಬಿಡಬೇಡ ಕಣೇ."

"ದೇವರ ಹತ್ರ ಹೇಳ್ಕೋಬಹುದಾ?"

"ಹೇಳ್ಕೋ. ಅವನೇನು ನನ್ನ ಗಿರಾಕಿ ಅಲ್ಲವಲ್ಲ."

ಅನುಮತಿ ಇದೆ ಅಂದ ಹಾಗಾಯಿತು. 'ಒಬ್ಬ ಸಹೋದರಿ ಅಸ್ವಸ್ಥಳಾಗಿದ್ದಾಳೆ' ಎಂದು ಬರೆದೆ. ಸಪ್ಪೆ. ಹೊಡೆದುಹಾಕಿದೆ. ಹಲ್ಲುಜ್ಜುವಾಗ ಬಂತು — 'ನಮ್ಮೆಲ್ಲರ ಅಳತೆ ಬಲ್ಲ ಕೈಗಳು ಈಗ ತಮ್ಮ ಅಳತೆ ತಪ್ಪುತ್ತಿವೆ, ಕರ್ತನೇ.' ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿ ಬಂದು ಬರೆದುಕೊಂಡೆ.

ಹೆಸರಂತೂ ಹೇಳುವುದಿಲ್ಲ.

ಜೂನ್ ೪, ಬುಧವಾರ. ಸಂಜೆ

ಕೂಟ ಈ ಸಲ ನರ್ಸಿಂಗ್ ಹಾಸ್ಟೆಲಿನ ವಾರ್ಡನ್ ಮನೆಯಲ್ಲಿ. ಆ ಸಾಲಿಗೆ ಬಂದಾಗ ಕೋಣೆಯ ಸದ್ದು ಅಡಗಿತು. ಯಾರೋ ಮೂಗು ಎಳೆದುಕೊಂಡರು. ಕಣ್ಣು ಮುಚ್ಚಿದ್ದರೂ ನನಗೆ ಎಲ್ಲ ಕೇಳಿಸುತ್ತಿತ್ತು… ಕೇಳಿಸಿಕೊಳ್ಳುತ್ತಿದ್ದೆ ಎನ್ನುವುದೇ ಸರಿ.

ಹೊರಡುವಾಗ ವಾರ್ಡನ್ ಕೈ ಹಿಡಿದುಕೊಂಡರು. "ನೀನು ಪ್ರಾರ್ಥನೆ ಮಾಡಿದ್ರೆ ಮೈ ಜುಂ ಅನ್ನುತ್ತೆ ನೋಡು."

ಮನೆಗೆ ಬಂದರೆ ಇವರು ಪೇಪರಿನ ಹಿಂದಿನಿಂದ, "ಹೇಗಾಯ್ತು ನಿನ್ನ ಕಾರ್ಯಕ್ರಮ?"

"ಕಾರ್ಯಕ್ರಮ ಅಲ್ಲ, ಪ್ರಾರ್ಥನೆ."

"ಚಪ್ಪಾಳೆ ಇರಲ್ಲ, ಅಷ್ಟೇ ತಾನೆ ವ್ಯತ್ಯಾಸ?"

ಗಂಡನ ಜೊತೆ ಮಾತಾಡಲಿಲ್ಲ, ಊಟ ಮುಗಿಯುವವರೆಗೂ.

ಜೂನ್ ೧೫, ಭಾನುವಾರ. ಮಧ್ಯಾಹ್ನ

ಆರಾಧನೆ ಮುಗಿದ ಮೇಲೆ ಹೊರಗೆ ಟೀ. ಟೈಲರ್ ಕೈಯಿಂದ ಯಾರೋ ಬ್ಯಾಗ್ ತೆಗೆದುಕೊಂಡರು. ಇನ್ನೊಬ್ಬರು ಕುರ್ಚಿ ಎಳೆದರು. ವಾರ್ಡನ್ ಅವಳಿಗೆ ಟೀ ತಂದುಕೊಟ್ಟರು — ಕಪ್ಪಿನಲ್ಲಿ ಅರ್ಧ ಮಾತ್ರ. ಉಳಿದವರೆಲ್ಲರ ಕಪ್ಪು ತುಂಬಿತ್ತು.

"ಏನೇ ಇವರೆಲ್ಲ, ನಾನು ಬಸುರಿ ಅನ್ಕೊಂಡಿದಾರಾ, ಐವತ್ತಕ್ಕೆ?" ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕಳು.

ನಾನೂ ನಕ್ಕೆ. ಆ ಅರ್ಧ ಕಪ್ಪಿನ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ಚೆಲ್ಲದಿರಲಿ ಎಂದು ಅರ್ಧ.

ಜೂನ್ ೧೯, ಗುರುವಾರ. ಊಟದ ಬಿಡುವು, ಲೈಬ್ರರಿ

ಟೈಲರ್ ಫೋನ್ ಮಾಡಿದ್ದಳು. ನಾನು ಹೊಸ ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದೆ.

ಹಾಸ್ಟೆಲಿನ ಯೂನಿಫಾರ್ಮ್ ಆರ್ಡರ್ ಈ ವರ್ಷ ಅವಳಿಗಿಲ್ಲ. ಅರವತ್ತು ಹುಡುಗಿಯರದು. ಹನ್ನೊಂದು ವರ್ಷದಿಂದ ಅವಳೇ ಹೊಲಿಯುತ್ತಿದ್ದದ್ದು. ಅಂಗಡಿ ನಿಂತಿರುವುದೇ ಅದರ ಮೇಲೆ. ವಾರ್ಡನ್ ಕಾರಣ ಹೇಳಲಿಲ್ಲವಂತೆ. "ಈ ವರ್ಷ ಆರಾಮಾಗಿರಮ್ಮ" ಎಂದು ಬೆನ್ನು ಸವರಿದರಂತೆ.

"ಬೆನ್ನು ಸವರಿದಾಗಲೇ ಗೊತ್ತಾಯ್ತು. ಎಲ್ಲರಿಗೂ ತಿಳಿದುಹೋಗಿದೆ. ಅವಳೇ ಕಣೇ, ನಮ್ಮ ನಾದಿನಿ. ಕ್ಲಿನಿಕ್ಕಿಗೆ ಜೊತೆಗೆ ಬಂದವಳು ಅವಳೊಬ್ಬಳೇ. ಅವಳ ಬಾಯಿ ಯಾವತ್ತು ನಿಂತಿತ್ತು?"

ನಾನು ಇನ್ನೊಂದು ಚೀಟಿಗೆ ಗೋಂದು ಹಚ್ಚಿದೆ.

"ನಿನ್ನ ಹೊಟ್ಟೆಗೆ ಹೋದ ಮಾತು ಬಾವಿಗೆ ಬಿದ್ದ ಹಾಗೆ. ಅವಳಿಗೆ ಹೇಳಿದ್ದೇ ನನ್ನ ತಪ್ಪು. ಅಲ್ವಾ?"

"ಹೂಂ" ಅಂದೆ.

ಒಂದೇ ಒಂದು ಹೂಂ. ಫೋನ್ ಇಟ್ಟ ಮೇಲೆ ನೋಡುತ್ತೇನೆ — ಚೀಟಿ ತಲೆಕೆಳಗಾಗಿ ಅಂಟಿದೆ. ಕೀಳಲು ಹೋದೆ, ಪುಸ್ತಕದ ಬೆನ್ನಿನ ಬಟ್ಟೆಯೂ ಕಿತ್ತುಬಂತು.

ಜೂನ್ ೨೦, ಶುಕ್ರವಾರ

ಕೆಲಸ ಮುಗಿಸಿ ನೇರ ವಾರ್ಡನ್ ಹತ್ತಿರ ಹೋದೆ. ಆರ್ಡರ್ ವಾಪಸ್ ಕೊಡಿ ಎಂದು ಕೇಳಿದೆ. ಬೇರೆ ಅಂಗಡಿಯವರು ಬಟ್ಟೆ ಕತ್ತರಿಸಿಯೂ ಆಗಿದೆಯಂತೆ.

"ನಾನು ಅವಳ ಒಳ್ಳೇದಕ್ಕೇ ಅಲ್ವೇನೇ ಮಾಡಿದ್ದು? ಆ ಕೈಯಲ್ಲಿ ಅರವತ್ತು ಜೊತೆ ಹೊಲಿಸಿದ್ರೆ ದೇವರು ಮೆಚ್ತಾನಾ?"

"ಅವಳನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಅಕ್ಕ."

"ಹೇಗೆ ಕೇಳಲಿ? ಕೂಟದಲ್ಲಿ ಆಡಿದ್ದು ಕೂಟದಲ್ಲೇ ಇರಬೇಕು. ಅದಕ್ಕೇ ಕಾರಣ ಹೇಳಲಿಲ್ಲ."

ನಮ್ಮ ನಿಯಮ ಅದು. ಯಾರೂ ಮುರಿದಿಲ್ಲ. ಹನ್ನೆರಡು ಜನ ಗುಟ್ಟು ಕಾಪಾಡಿದ್ದಾರೆ, ಅವಳೊಬ್ಬಳಿಂದ.

"ನಾನು ಹೆಸರು ಹೇಳಿರಲಿಲ್ಲವಲ್ಲ" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಅಳತೆ ತಗೊಳ್ಳೋ ಕೈ ನಮ್ಮ ಸಭೆಯಲ್ಲಿ ಇನ್ನೆಷ್ಟಿವೆ ಕಣೇ? ಆದ್ರೂ ಎಷ್ಟು ಚೆನ್ನಾಗಿ ಹೇಳಿದೆ ನೀನು. ಬರೆದಿಟ್ಕೊಂಡಿದೀನಿ."

ಮೇಜಿನ ಮೇಲೆ ಡೈರಿ ತೆರೆದು ತೋರಿಸಿದರು. ಒಂದಕ್ಷರ ಬಿಡದೆ ಬರೆದಿದ್ದರು.

ಜೂನ್ ೨೬, ಗುರುವಾರ. ಬೆಳಿಗ್ಗೆ ೫

ಆರು ದಿನದಿಂದ ವಾದ ಮಾಡುತ್ತಿದ್ದೇನೆ, ನಡೆಯುವಾಗ, ಪಾತ್ರೆ ತೊಳೆಯುವಾಗ. ಹೇಳಿದರೆ ಆರ್ಡರ್ ಏನೂ ಮರಳಿ ಬರುವುದಿಲ್ಲ. ಹೇಳಿದರೆ ಅವಳಿಗೆ ಉಳಿದಿರುವ ಒಬ್ಬ ಗೆಳತಿಯೂ ಹೋಗುತ್ತಾಳೆ. ಈ ಹೊತ್ತಿನಲ್ಲಿ ಅವಳಿಗೆ ನಾನು ಬೇಕು. ಹಾಗಾಗಿ ಸುಮ್ಮನಿರುವುದು ಅವಳ ಒಳ್ಳೆಯದಕ್ಕೇ —

ಇಲ್ಲಿ ಪೆನ್ನು ನಿಂತಿತು. ವಾರ್ಡನ್ ಹೇಳಿದ್ದೂ ಇದೇ ಮಾತು.

ಕೆಟ್ಟದ್ದನ್ನು ಬಯಸಿ ಮಾಡಿದ ತಪ್ಪಾಗಿದ್ದರೆ ಗುರುತು ಹಿಡಿಯುವುದು ಸುಲಭವಿತ್ತು. ನನಗೆ ಅವಳ ಮೇಲೆ ಪ್ರೀತಿಯಿತ್ತು, ದೇವರ ಮೇಲೆ ಭಕ್ತಿಯೂ ಇತ್ತು. ಎರಡರ ನಡುವೆ ಆ ಸಾಲು ಇತ್ತು. ಸಪ್ಪೆ ವಾಕ್ಯವೇ ಸಾಕಿತ್ತು, ಅಸ್ವಸ್ಥಳಾದ ಒಬ್ಬ ಸಹೋದರಿ. ಯಾರಿಗೂ ತಿಳಿಯುತ್ತಿರಲಿಲ್ಲ. ದೇವರಿಗೆ ತಿಳಿಯುತ್ತಿತ್ತು. ಅವನಿಗೆ ಉಪಮೆ ಬೇಕಿಲ್ಲ. ಸಾಲು ಚೆನ್ನಾಗಿದ್ದರೆ ಅದು ನಿಜವೂ ಒಳ್ಳೆಯದೂ ಆಗಿರಲೇಬೇಕು ಎಂದು ನಂಬಿಕೊಂಡು ಎಂ.ಎ. ಮುಗಿಸಿದವಳು ನಾನು. ಮಂಚದ ಪಕ್ಕ ಇವತ್ತಿಗೂ ಕವಿತೆಯ ಪುಸ್ತಕಗಳದೇ ರಾಶಿ.

ಮೊಣಕಾಲೂರಿದೆ. 'ಕರ್ತನೇ, ಈ ಮುರಿದ…' ಮುಂದಕ್ಕೆ ಯಾವ ಪದ ಕೂರುತ್ತದೆ ಎಂದು ಮನಸ್ಸು ಹುಡುಕತೊಡಗಿತು. ಎದ್ದುಬಿಟ್ಟೆ.

ಜುಲೈ ೮, ಮಂಗಳವಾರ. ಸಂಜೆ

ನಾದಿನಿ ಮನೆ ಬಿಟ್ಟು ಹೋಗಿದ್ದಾಳೆ. ಟೈಲರ್‌ಳ ಗಂಡ ತೀರಿಕೊಂಡ ವರ್ಷದಿಂದ ಮಹಡಿ ಕೋಣೆಯಲ್ಲಿ ಜೊತೆಗೇ ಇದ್ದವಳು. ಮದುವೆಯಿಲ್ಲ, ಮಕ್ಕಳಿಲ್ಲ. ಈಗ ಜೊತೆ ಕೆಲಸದವರ ಮನೆಯಲ್ಲಿದ್ದಾಳಂತೆ.

"ಏನಂದೆ ಅವಳಿಗೆ?"

ಟೈಲರ್ ಮಷೀನಿನ ಚಕ್ರ ತಿರುಗಿಸುತ್ತಾ ಕೂತಿದ್ದಳು, ಬಟ್ಟೆ ಇಲ್ಲದೆ. "ಮಕ್ಕಳಿಲ್ಲದೋರಿಗೆ ಬೇರೆಯವರ ಮನೆ ಸುದ್ದಿನೇ ಸಂಸಾರ, ಅಂದೆ." ತಡೆದು, "ಅನ್ನಬಾರದಿತ್ತು, ಅಲ್ವಾ? ಆದ್ರೆ ಅವಳು ಮಾಡಿದ್ದಕ್ಕೆ ಅದೇನು ಹೆಚ್ಚಲ್ಲ. ಹೇಳೇ."

ಈ ಸಲ ಹೂಂ ಕೂಡ ಅನ್ನಲಿಲ್ಲ. ಹಾಗೆ ಅನ್ನದಿದ್ದುದನ್ನೇ ದಾರಿಯುದ್ದಕ್ಕೂ ದೊಡ್ಡ ಸಾಧನೆ ಎಂದುಕೊಂಡು ಬಂದೆ.

ಮನೆಯಲ್ಲಿ ಇವರಿಗೆ ಎಲ್ಲ ಹೇಳಿದೆ, ಮೊದಲಿಂದ. ಪೇಪರ್ ಮಡಚಿಟ್ಟು ಕೇಳಿದರು. ನಡುವೆ ತಮಾಷೆ ಮಾಡಲಿಲ್ಲ. ಕೊನೆಗೆ, "ನನ್ನ ಹತ್ರ ಯಾಕೆ ಹೇಳ್ತಿದೀಯ?"

"ಮತ್ತೆ ಯಾರ ಹತ್ರ ಹೇಳಲಿ?"

"ನಿಂಗೆ ಗೊತ್ತು ಯಾರ ಹತ್ರ ಅಂತ."

ಜುಲೈ ೧೨, ಶನಿವಾರ. ಮಧ್ಯಾಹ್ನ ೨

ಹೋಗುತ್ತಿದ್ದೇನೆ. ಏನು ಹೇಳಬೇಕೆಂದು ಬರೆದುಕೊಂಡಿದ್ದೆ, ಹರಿದು ಹಾಕಿದೆ.

ಅದೇ ದಿನ, ಸಂಜೆ ೭

ಹೇಳಿದೆ. ಅಂಗಡಿಯಲ್ಲಿ, ನಿಂತುಕೊಂಡೇ. ಅವಳು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು.

ಸೂಜಿಯನ್ನು ಅಂಗಿಗೆ ಚುಚ್ಚಿ ನಿಲ್ಲಿಸಿದಳು. ಆಮೇಲೆ, "ಏನಂತ ಪ್ರಾರ್ಥನೆ ಮಾಡಿದೆ? ಹೇಳು."

"ಬೇಡ ಕಣೇ."

"ಊರಿಗೆಲ್ಲ ಕೇಳಿಸಿದ್ದೀಯ. ನಾನೂ ಕೇಳ್ತೀನಿ."

ಹೇಳಿದೆ. ಅವಳ ಕೈ ಎದುರಿಗೇ ಇತ್ತು, ಗುಂಡಿಯ ಮೇಲೆ. ಹೇಳುತ್ತಿದ್ದಂತೆ ಹೆಬ್ಬೆರಳು ಶುರುಮಾಡಿತು. ಇನ್ನೊಂದು ಕೈಯಿಂದ ಮುಚ್ಚಿಕೊಂಡಳು, ನನ್ನಿಂದ. ಇಪ್ಪತ್ತು ವರ್ಷದಲ್ಲಿ ಅವಳು ನನ್ನಿಂದ ಏನನ್ನೂ ಮುಚ್ಚಿರಲಿಲ್ಲ.

"ಚೆನ್ನಾಗಿದೆ" ಅಂದಳು. "ಬಿಡೋಕೆ ಮನಸ್ಸು ಬರಲಿಲ್ಲ, ಅಲ್ವಾ?"

"ಇಲ್ಲ."

"ಮತ್ತೆ ನಾನು ನಮ್ಮ ನಾದಿನಿ ಅಂದಾಗ ಯಾಕೆ ಹೂಂ ಅಂದೆ?"

"ಹೆದರಿಕೆ" ಅಂದೆ.

"ಅವಳಿಗೆ ಆಡಿದ ಮಾತು ನನ್ನದು. ಅದನ್ನ ನಿನ್ನ ತಲೆಗೆ ಕಟ್ಟಲ್ಲ. ಆದ್ರೆ ನೀನು ಅವತ್ತೇ ಬಾಯಿ ಬಿಟ್ಟಿದ್ರೆ ನಾನು ಅದನ್ನ ಆಡ್ತಿರಲಿಲ್ಲ. ನಾಳೆ ನಾನು ಹೋಗಿ ಅವಳ ಕಾಲು ಹಿಡೀಬೇಕು. ನೀನು ಇವತ್ತೇ ಹೋಗು."

"ನನ್ನನ್ನ ಕ್ಷಮಿಸ್ತೀಯಾ?"

"ಈಗಲೇ ಕ್ಷಮಿಸಿದೆ ಅಂದ್ರೆ ಸುಳ್ಳಾಗುತ್ತೆ. ಈಗಾಗಲೇ ಸುಳ್ಳು ಜಾಸ್ತಿಯಾಗಿದೆ." ಅಂಗಿ ಪಕ್ಕಕ್ಕಿಟ್ಟಳು. "ಚರ್ಚಲ್ಲಿ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳ್ತೀವಲ್ಲ, ಅದರಲ್ಲಿ ಕ್ಷಮಿಸೋ ಸಾಲು ಬಂದಾಗ ನಾನು ಬಾಯಿ ಮುಚ್ಕೋತೀನಿ. ಮನಸ್ಸಿಗೆ ಬಂದ ದಿನ ಹೇಳ್ತೀನಿ. ನೀನು ಪಕ್ಕದಲ್ಲೇ ನಿಂತಿರು. ಬೇರೆ ಬೆಂಚಿಗೆ ಓಡಿ ಹೋಗಬೇಡ."

ಅಲ್ಲಿಂದ ನಾದಿನಿ ಹತ್ತಿರ. ಎರಡನೇ ಮಹಡಿ, ಬಾಗಿಲ ಮುಂದೆ ಬೇರೆಯವರ ಚಪ್ಪಲಿಗಳ ನಡುವೆ ಅವಳದೊಂದು ಜೊತೆ. ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು.

"ನಾನಲ್ಲ ಅತ್ತಿಗೆ ಅಂತ ಮೂರು ಸಲ ಹೇಳಿದೆ. ನಾಲ್ಕನೇ ಸಲಕ್ಕೆ ನಂಗೇ ಅನುಮಾನ ಬಂತು. ಎಲ್ಲಾದ್ರೂ ಬಾಯಿತಪ್ಪಿ ಅಂದುಬಿಟ್ನಾ? ಒಂದು ತಿಂಗಳು ಯಾರ್ಯಾರ ಹತ್ರ ಏನೇನು ಮಾತಾಡಿದೆ ಅಂತ ನೆನಪು ಮಾಡ್ಕೊಂಡು ಕೂತಿದೀನಿ. ಆಫೀಸಲ್ಲಿ ಮಾತಾಡೋದೇ ಬಿಟ್ಟಿದೀನಿ."

ನಾನು ಹೊಸ್ತಿಲ ಕಡೆ ಒಂದು ಹೆಜ್ಜೆ ಮುಂದಿಟ್ಟೆ.

"ನಾನೇ ಅಲ್ಲ ತಾನೆ?" ಎಂದು ಮತ್ತೆ ಕೇಳಿದಳು.

"ನೀನಲ್ಲಮ್ಮ. ನಾನು."

ಬಾಗಿಲಿನ ಚೌಕಟ್ಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಆಗ ಆ ಮುಖದಲ್ಲಿ ಕಂಡದ್ದಕ್ಕೆ ನನ್ನ ಬಳಿ ಪದಗಳಿವೆ. ಬರೆಯುವುದಿಲ್ಲ.

ಜುಲೈ ೧೩, ಭಾನುವಾರ

ಪಕ್ಕದಲ್ಲೇ ನಿಂತೆ. ಆ ಸಾಲು ಬಂತು. ಅವಳು ಸುಮ್ಮನಾದಳು. ಇನ್ನೂರು ಜನರ ದನಿಯ ನಡುವೆ ಒಂದು ದನಿ ಇಲ್ಲದಿರುವುದು ಅಷ್ಟು ದೊಡ್ಡದಾಗಿ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ.

ಜುಲೈ ೧೬, ಬುಧವಾರ. ಸಂಜೆ

ಕೂಟದಲ್ಲಿ ತಪ್ಪೊಪ್ಪಿಕೊಳ್ಳಲೇ ಎಂದು ಈ ಸಲ ಮೊದಲು ಅವಳನ್ನು ಕೇಳಿದೆ.

"ಹೇಳು. ಆದ್ರೆ ಚೆನ್ನಾಗಿ ಹೇಳಬೇಡ" ಅಂದಳು.

ಚೆನ್ನಾಗಿ ಹೇಳಲಿಲ್ಲ. ತೊದಲಿದೆ. ಮಾತು ಕೊಟ್ಟು ಮುರಿದೆ, ಇನ್ನೊಬ್ಬಳ ಮೇಲೆ ಬಂದಾಗ ಸುಮ್ಮನಿದ್ದೆ, ನನ್ನ ಸಾಲು ಅಳಿಸಿಬಿಡಿ ಅಕ್ಕ — ಇಷ್ಟೇ. "ನಿನ್ನ ಉದ್ದೇಶ ಒಳ್ಳೇದೇ ಇತ್ತಲ್ಲ" ಎಂದರು ಯಾರೋ. ಪಾಸ್ಟರ್ ಸಮಾಧಾನ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಅದಕ್ಕಾಗಿ ಅವರ ಮೇಲೆ ಗೌರವ ಹುಟ್ಟಿತು. ವಾರ್ಡನ್ ಮುಖ ಕೆಂಪಾಗಿತ್ತು. ಹೊರಡುವಾಗ ಯಾರೂ ಕೈ ಹಿಡಿಯಲಿಲ್ಲ.

ಆಗಸ್ಟ್ ೩, ಭಾನುವಾರ

ನಾಲ್ಕನೇ ವಾರ. ಸುಮ್ಮನೇ ಇದ್ದಳು.

ಮೊದಲೆರಡು ವಾರ, ಇವತ್ತಾದರೂ ಹೇಳಬಾರದೇ ಎಂದು ಒಳಗೊಳಗೇ ಗೋಗರೆದೆ. ಈಗ ಹಾಗೆ ಬೇಡುವುದಿಲ್ಲ. ಅವಳ ಮೌನಕ್ಕೆ ಅವಳದೇ ವೇಗವಿದೆ. ನನ್ನ ಕೆಲಸ ಬೆಂಚು ಬಿಡದಿರುವುದು.

ನಾದಿನಿ ಮಹಡಿ ಕೋಣೆಗೆ ಮರಳಿಲ್ಲ. ಆದರೆ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮುನ್ನ ಬಂದು ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಾಳಂತೆ. ಮಾತಿಲ್ಲವಂತೆ. ವಾರ್ಡನ್ ಪರದೆ ಹೊಲಿಸಲು ಬಂದಿದ್ದರಂತೆ, ಏಪ್ರನ್ನಿನ ಕೆಲಸವನ್ನೂ ಕೊಡುವ ಮಾತಾಡಿದರಂತೆ. ಟೈಲರ್ ಕೇಳಿದಳಂತೆ: "ಕರುಣೆಗೋ, ಹೊಲಿಗೆಗೋ?" ಹೊಲಿಗೆಗೆ ಎಂದ ಮೇಲೆ ಅಳತೆ ಬರೆದುಕೊಂಡಳು. ಇದನ್ನೆಲ್ಲ ಅವಳೇ ನನಗೆ ಹೇಳಿದ್ದು. ಟೀ ಕಪ್ ಹಿಡಿದುಕೊಂಡು, ಅಳೆದು ತೂಗಿ. ಮೊದಲಿನಂತೆ ಎಲ್ಲವನ್ನೂ ಅಲ್ಲ.

ನಾನೂ ಎರಡು ಮೂರು ಪದದಲ್ಲಿ ಪ್ರಾರ್ಥಿಸುತ್ತೇನೆ ಈಗ. ಅವಳ ಕೈ. ನನ್ನ ಬಾಯಿ. ಆಮೆನ್.

ಆಗಸ್ಟ್ ೧೦, ಭಾನುವಾರ. ಮಧ್ಯಾಹ್ನ

ಊಟಕ್ಕೆ ಕೂರುವ ಮೊದಲೇ ಬರೆಯುತ್ತಿದ್ದೇನೆ. ಇವರು ಅಡುಗೆಮನೆಯಿಂದ ಕೂಗುತ್ತಿದ್ದಾರೆ.

ಆ ಸಾಲು ಬಂತು. ಅಭ್ಯಾಸದಂತೆ ನಾನು ತಲೆ ತಗ್ಗಿಸಿದೆ. ಪಕ್ಕದಲ್ಲಿ ಉಸಿರು ಎಳೆದುಕೊಂಡ ಸದ್ದು. ಮೊದಲ ಪದ ಹೇಳಿದಳು. ತೀರಾ ಮೆಲ್ಲಗೆ, ಒರಟಾಗಿ. ನಾನು ದನಿ ನಿಲ್ಲಿಸಿದೆ, ಕೇಳಿಸಲಿ ಎಂದು. ಎರಡನೆಯ ಪದವೂ ಬಂತು. ನನ್ನ ಕಡೆ ತಿರುಗಲಿಲ್ಲ. ಮೂರನೆಯದಕ್ಕೆ ತುಟಿ ತೆರೆದು, ಮುಚ್ಚಿಕೊಂಡಳು. ಉಳಿದ ಪದಗಳಿಗೆ ಮುಂದಿನ ಭಾನುವಾರವೂ ನಾನು ಅದೇ ಬೆಂಚಿನಲ್ಲಿರುತ್ತೇನೆ.