ತೆಲುಗು ಬಲ್ಲವಳಿಗೆ ತೆಲುಗು ಪಾಠ

ವಿಶ್ವವಿದ್ಯಾಲಯದ ‘ವೈವಿಧ್ಯ ಮತ್ತು ಒಳಗೊಳ್ಳುವಿಕೆ’ ಘಟಕದ ಮಾನ್ಯ ನಿರ್ದೇಶಕರೇ,

ನಿಮ್ಮ ಘಟಕ ನನ್ನ ಮಗಳನ್ನು ಎಷ್ಟು ಚೆನ್ನಾಗಿ ಒಳಗೊಂಡಿತೆಂದರೆ, ಅವಳೀಗ ಪರೀಕ್ಷೆಯಿಂದಲೇ ಹೊರಗಿದ್ದಾಳೆ. ಸೋಮವಾರ ಮಧ್ಯಾಹ್ನ ಪರೀಕ್ಷೆ ಶುರು. ಪ್ರತೀಕ್ಷಾಳಿಗೆ ಹಾಲ್ ಟಿಕೆಟ್ ಕೊಟ್ಟಿಲ್ಲ.

ತಪ್ಪು ನನ್ನಿಂದಲೇ ಶುರುವಾಯಿತು, ಒಪ್ಪುತ್ತೇನೆ. ನಾನು ದಾವಣಗೆರೆಯವನು, ಬ್ಯಾಂಕ್ ಅಧಿಕಾರಿ. ವರ್ಗವಾಗಿ ವಿಜಯವಾಡದ ಒನ್ ಟೌನ್ ಶಾಖೆಗೆ ಬಂದಾಗ ಮಗಳಿಗೆ ಎರಡು ವರ್ಷ; ಆಮೇಲೆ ವಿಶಾಖಪಟ್ಟಣಕ್ಕೆ ಬಂದೆವು. ಅವಳು ಓದಿದ್ದು, ಆಡಿದ್ದು, ಜಗಳವಾಡಿದ್ದು ಎಲ್ಲ ತೆಲುಗಿನಲ್ಲಿ. ಆದರೆ ಊರು ಬಿಟ್ಟ ನಮ್ಮಂಥವರಿಗೆ ಒಂದು ಚಾಳಿ. ಮನೆಯಲ್ಲಿ ಕನ್ನಡ ಎಷ್ಟೇ ಸವೆದಿರಲಿ, ಅರ್ಜಿಯಲ್ಲಿ ಮಾತೃಭಾಷೆ ಎಂದಿರುವ ಕಡೆ ಎದೆಯುಬ್ಬಿಸಿ ‘ಕನ್ನಡ’ ಎಂದು ಬರೆಯುತ್ತೇವೆ. ಪ್ರವೇಶದ ಅರ್ಜಿಯಲ್ಲೂ ಬರೆದೆ. ಅಷ್ಟಕ್ಕೇ ನೀವು ಅವಳನ್ನು ಹೊರರಾಜ್ಯದವರ ಪಟ್ಟಿಗೆ ಸೇರಿಸಿ, ಮಂಗಳವಾರದ ಕಡ್ಡಾಯ ತೆಲುಗು ತರಗತಿಯಲ್ಲಿ ಕೂರಿಸಿದಿರಿ. ಅದೇ ಹೊತ್ತಿಗೆ ಅವಳ ಕೆಮಿಸ್ಟ್ರಿ ಲ್ಯಾಬ್. ಲ್ಯಾಬಿನ ಹಾಜರಿ ಸರಿಮಾಡಿಕೊಡುತ್ತೇವೆ ಎಂದವರೂ ನಿಮ್ಮವರೇ. ತೆಲುಗಿನಲ್ಲಿ ನೂರಕ್ಕೆ ತೊಂಬತ್ತಾರು ತೆಗೆದ ಹುಡುಗಿ ಇಡೀ ಸೆಮಿಸ್ಟರ್ ‘ನಿಮ್ಮ ಹೆಸರೇನು’ ಎಂದು ಕೇಳುವುದನ್ನು ಕಲಿತಳು. ಮೇಷ್ಟ್ರಿಗೆ ಜ್ವರ ಬಂದ ವಾರ ಅವಳೇ ಪಾಠ ಮಾಡಿದಳು. ಆ ಫೋಟೊ ನಿಮ್ಮ ಫ್ಲೆಕ್ಸಿನ ಮೇಲಿದೆ, ಸಂತೋಷ. ಲ್ಯಾಬಿನ ಹಾಜರಿ ಮಾತ್ರ ಸಾಲದೆ ಹೋಯಿತು.

ಅವಳ ಸಹಪಾಠಿ ಸಾಯಿಪ್ರಿಯಾ ಪಾಡೇರು ಕಡೆಯ ಬೆಟ್ಟದ ಹುಡುಗಿ. ಮನೆಮಾತು ಕುವಿ. ತನ್ನ ತೆಲುಗು ಕೇಳಿ ಹಾಸ್ಟೆಲಿನಲ್ಲಿ ನಗುತ್ತಾರೆಂದು ಬಾಯಿಯೇ ಬಿಡುವುದಿಲ್ಲ. ತನ್ನನ್ನೂ ಆ ತರಗತಿಗೆ ಸೇರಿಸಿ ಎಂದು ಅವಳು ಕೇಳಿದರೆ, ನೀನು ಆಂಧ್ರದವಳೇ ಅಲ್ಲವೇ ಎಂದು ಕಳಿಸಿದರಂತೆ. ಉಂಡವಳಿಗೇ ಮತ್ತೆ ಬಡಿಸಿ, ಹಸಿದವಳನ್ನು ಪಂಕ್ತಿಯಿಂದ ಎಬ್ಬಿಸುವುದಕ್ಕೆ ಒಂದು ಘಟಕ ಬೇಕಿತ್ತೇ?

ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರನೆಯ ಸಲ ಗುಮಾಸ್ತರು ಕೂರಿಸಿ, ನೀರು ಕೊಟ್ಟು, ಮರ್ಯಾದೆಯಿಂದಲೇ ದಾರಿ ಹೇಳಿದರು. ಮಾತೃಭಾಷೆ ತೆಲುಗು, ಹಿಂದೆ ಬರೆದದ್ದು ತಪ್ಪು ಎಂದು ಪತ್ರ ಕೊಟ್ಟರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಹಾಜರಿಗೆ ವಿನಾಯಿತಿ ಸಿಗುತ್ತದೆ. “ಒಕ್ಕ ಮಾಟೇ ಕದಂಡಿ ಸಾರ್,” ಎಂದರು. ಒಂದೇ ಮಾತು, ನಿಜ.

ಮನೆಗೆ ಬಂದರೆ ಮಗಳು ಪತ್ರ ಟೈಪ್ ಮಾಡಿಸಿ ಇಟ್ಟಿದ್ದಳು. “ಅಪ್ಪ, ಸೈನ್ ಹಾಕಿಬಿಡು. ನಿನ್ ಜೊತೆ ಕನ್ನಡ ಮಾತಾಡೋದು ಬಿಡ್ತೀನಾ ನಾನು?” ಎಂದಳು. ಅಷ್ಟು ಹೇಳುವುದಕ್ಕೆ ನಡುವೆ ಎರಡು ಸಲ ಪದ ಹುಡುಕಿದಳು. ನನಗೆ ಅಳು ಬಂತು.

ಭಾನುವಾರದೊಳಗೆ ಅವಳಿಗೆ ಹಾಲ್ ಟಿಕೆಟ್ ಕೊಡಿ. ಮಂಗಳವಾರದ ಅವಳ ಕುರ್ಚಿಯನ್ನು ಸಾಯಿಪ್ರಿಯಾಳಿಗೆ ಕೊಡಿ. ಇಷ್ಟೂ ಆಗದಿದ್ದರೆ ಸೋಮವಾರ ಬೆಳಗ್ಗೆ ನಾನೇ ಬಂದು ಸಹಿ ಹಾಕುತ್ತೇನೆ. ಮಗಳ ಒಂದು ವರ್ಷಕ್ಕಿಂತ ನನ್ನ ಹಠ ದೊಡ್ಡದಲ್ಲ. ನಿಮ್ಮ ವಾರ್ಷಿಕ ವರದಿಯಲ್ಲಿ ಕನ್ನಡದ ಮುಂದೆ ಒಂದು ತಲೆ ಕಡಿಮೆ ಮಾಡಿಕೊಳ್ಳಿ.

ಇಂತಿ,
ಭಾನುವಾರದವರೆಗೆ ಕನ್ನಡದ ಹುಡುಗಿಯೊಬ್ಬಳ ತಂದೆ,
ನರಸಿಂಹಮೂರ್ತಿ
ಮಧುರವಾಡ, ವಿಶಾಖಪಟ್ಟಣ