ಎರಡು ಕೋಲಾ ಕಾಯಿ

ಮಾರ್ಚ್ 3
ಬೆಳಿಗ್ಗೆ ಮತ್ತೆ ಅಲಸಂದೆ. ಮೊಮ್ಮಗಳು ತಾಯಿವೊ ಎರಡು ತುತ್ತು ತಿಂದಳು. ಮೂರನೆಯದು ಜೊತೆಗೆ ಹುಟ್ಟಿದ ಕೆಹಿಂಡೆಗಂತೆ — ಖಾಲಿ ಚಾಪೆ ಕಡೆ ಕೈ ಚಾಚಿದಳು. ದಡಾರ ಅವನನ್ನು ಒಯ್ದು ನಲವತ್ತು ದಿನ. ಅವಳಿಯಲ್ಲಿ ಒಂದು ಹೋದರೆ ಇನ್ನೊಂದನ್ನು ಕರೆಯದೆ ಇರುತ್ತದೆಯೇ. ಅವನ ಜೀವಕ್ಕೆ ಕೂರಲು ಮರದ ಮೈ ಬೇಕು. ಗೊಂಬೆ ಕೆತ್ತುವ ಒಗುನ್‌ದೆಲೆಗೆ ವಾಡಿಕೆಯ ಮುಂಗಡ ಕೋಲಾ ಕಾಯಿ ಕಳಿಸಿ ತಿಂಗಳಾಯ್ತು. ಆ ಮುದುಕ ಉಳಿಗಿಂತ ಹೆಂಡದ ಬುರುಡೆ ಹಿಡಿದದ್ದೇ ಹೆಚ್ಚು.

ಮಾರ್ಚ್ 9
ಒಗುನ್‌ದೆಲೆ ಬಂದ. ಬಟ್ಟೆಯ ಗಂಟು ಬಿಚ್ಚಿದ. ಎರಡು ಗೊಂಬೆ! ಒಂದು ಗಂಡು, ಒಂದು ಹೆಣ್ಣು. ಕೆನ್ನೆ ಮೇಲೆ ನಮ್ಮ ಮನೆತನದ ಗೀರು. ಹೆಣ್ಣಿನ ಕಿವಿ ಸಹ ತಾಯಿವೊಳದೇ.
"ಏನೋ ಇದು? ಹೆಣ್ಣು ಮಗು ಅಂಗಳದಲ್ಲಿ ಆಡ್ತಾ ಇದೆ. ಕುಡಿದು ಕೆತ್ತಿದ್ಯಾ?"
"ಬಾಯಿ ಮಾಡಬೇಡ ಅಕ್ಕಾ. ಒಂದು ಕೋಲಾ ಕಾಯಿಗೆ ಒಂದು ಗೊಂಬೆ. ನಮ್ಮಪ್ಪನ ಕಾಲದಿಂದ ಹಾಗೇ. ನೀನು ಎರಡು ಕಳಿಸಿದೆ. ಇನ್ನೊಂದೂ ಹೋಯ್ತಲ್ಲ ಅಂತ ಅತ್ಕೊಂಡೇ ಕೆತ್ತಿದೆ."
ಹೌದು, ಎರಡು ಕಳಿಸಿದ್ದೆ. ಒಂದೇ ಕಳಿಸಿದರೆ ಜಿಪುಣಿ ಅಂದಾನು ಅಂತ. ಊರಿಗೆಲ್ಲ ಬುದ್ಧಿ ಹೇಳೋ ಬಾಯಿ ನನ್ನದು…
"ಹೆಣ್ಣು ಗೊಂಬೆಗೆ ಉಣ್ಣಿಸಬೇಡ," ಅಂದ. "ತುತ್ತು ಕಾಣೋವರೆಗೆ ಬರೀ ಮರ. ತುತ್ತು ಬಿತ್ತೋ, ಒಳಗೆ ಯಾರಾದ್ರೂ ಬಂದು ಕೂರಲೇಬೇಕು. ನಾಲ್ಕನೇ ದಿನ ಹುಂಜ ತಗೊಂಡು ಬಾ, ಬಲಿ ಕೊಟ್ಟು ಗೊಂಬೆಯನ್ನ ಅದರ ಮರಕ್ಕೇ ಒಪ್ಪಿಸೋಣ."
ಗಂಡು ಗೊಂಬೆಯನ್ನು ದಿನಾ ಮೀಯಿಸಿ ಉಣ್ಣಿಸಲು ಸೊಸೆ ಮೊರೆನಿಕೆಗೆ ಕೊಟ್ಟೆ. ಹೆಣ್ಣು ಗೊಂಬೆ ಪೆಟ್ಟಿಗೆಗೆ ಹಾಕಿದೆ. ಅವಳಿಗೆ ಹೇಳಲಿಲ್ಲ. ಹೇಗೆ ಹೇಳಲಿ.

ಮಾರ್ಚ್ 12
ಹುಂಜದ ಕಾಲು ಕಟ್ಟಿ ಪೆಟ್ಟಿಗೆ ತೆಗೆದೆ. ಖಾಲಿ.
ಮೊರೆನಿಕೆ ಹಿತ್ತಿಲಲ್ಲಿ ಕೂತು ಎರಡನ್ನೂ ಮೀಯಿಸಿ, ಕೆಂಪು ಮರದ ಪುಡಿ ಹಚ್ಚಿ, ತುಟಿಗೆ ಅಲಸಂದೆ ಸವರುತ್ತಿದ್ದಳು.
"ಯಾವತ್ತಿಂದನೇ ಇದು?"
"ಮೊನ್ನೆಯಿಂದ ಅತ್ತೆ. ಅವನೊಬ್ಬನಿಗೇ ಬೇಜಾರಲ್ವಾ? ಜೊತೆಗಿರಲಿ ಅಂತ ನೀವೇ ಮಾಡಿಸಿದ್ದು ಅಂದ್ಕೊಂಡೆ."
ಬೈಯಲು ಬಾಯಿ ತೆರೆದೆ. ಬೈಗುಳವೆಲ್ಲ ನನಗೇ ಸೇರಬೇಕಾದ್ದು.
ತಾಯಿವೊ ಬೆಳಿಗ್ಗೆಯಿಂದ ಏನೂ ತಿಂದಿಲ್ಲ.

ಮಾರ್ಚ್ 17
ತಾಯಿವೊಳ ಜ್ವರ ಇಳಿಯುತ್ತಿಲ್ಲ. ನರ್ಸಮ್ಮನ ಸೂಜಿಯೂ ಆಯ್ತು. ಗೊಂಬೆಯ ಕೆನ್ನೆ ಹೊಳೆಯುತ್ತಿದೆ, ಮಗುವಿನ ಕೆನ್ನೆ ಒಣಗುತ್ತಿದೆ. ಕರೆಸಿದರೆ ಒಗುನ್‌ದೆಲೆ ಹೊಸ್ತಿಲು ದಾಟಲೇ ಇಲ್ಲ, ಆಚೆ ನಿಂತೇ ಹೇಳಿದ.
"ಉಂಡ ಮೇಲೆ ಮರ ವಾಪಸ್ ತಗೊಳ್ಳಲ್ಲ ಅಕ್ಕಾ. ಯಾರಾದ್ರೂ ಒಳಗೆ ಕೂತರೇ ಅದು ಸುಮ್ಮನಾಗೋದು."
ಯಾರಾದರೂ ಅಂದ. ತಾಯಿವೊನೇ ಅನ್ನಲಿಲ್ಲ.

ಮಾರ್ಚ್ 18, ಮಧ್ಯಾಹ್ನ
ಸೊಸೆಯನ್ನು ನೀರಿಗೆ ಕಳಿಸಿದೆ. ನನ್ನ ಸೊಂಟದ ನೀಲಿ ಮಣಿಸರ ಬಿಚ್ಚಿ ಹೆಣ್ಣು ಗೊಂಬೆಗೆ ಕಟ್ಟಿದೆ. ನಾನು ಮಿಂದ ನೀರಲ್ಲೇ ಅದನ್ನೂ ಮೀಯಿಸಿದೆ. ತುತ್ತಿಟ್ಟು ಹೆಸರು ಹಿಡಿದು ಕರೆದೆ — ಅಶಾಬಿ. ಅವ್ವ ನನ್ನನ್ನು ಕರೆಯುತ್ತಿದ್ದ ಮುದ್ದಿನ ಹೆಸರು. ಬಲ್ಲವರು ಒಬ್ಬರೂ ಬದುಕಿಲ್ಲ.
"ಕಾಯಿ ಕಳಿಸಿದವಳು ನಾನು. ಕೂಸನ್ನು ಬಿಡು. ಹಳೇ ಮಾಲು, ಆದ್ರೆ ಗಟ್ಟಿ."

ಮಾರ್ಚ್ 20
ತಾಯಿವೊ ಎದ್ದು ಕೂತಳು! "ಅಜ್ಜೀ, ಉಪ್ಪೇ ಇಲ್ಲ" ಅಂತ ಮುಖ ಸಿಂಡರಿಸುತ್ತಲೇ ಇಡೀ ಬಟ್ಟಲು ಖಾಲಿ ಮಾಡಿದಳು. ಕತ್ತೆ. ಮೊರೆನಿಕೆ ಅಳುತ್ತಾಳೆ, ನಗುತ್ತಾಳೆ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಸಂತೆಗೆ ಹೋದಳು.
ನನಗೆ ತುತ್ತು ಇಳಿಯುತ್ತಿಲ್ಲ. ಪೆನ್ಸಿಲ್ ಹಿಡಿದ ಬೆರಳಲ್ಲಿ ಸ್ಪರ್ಶವೇ ಇಲ್ಲ. ಮನೆಯಲ್ಲಿ ನಾನೊಬ್ಬಳೇ.
ಗೊಂಬೆಗಳ ಕೋಣೆಯಿಂದ ಯಾರೋ ಅಶಾಬಿ ಅಂದ ಹಾಗಾಯ್ತು.
ಮತ್ತೊಂದು ಸಲ. ಅವ್ವನದೇ ದನಿ.
ಬಂದೆ ಅವ್ವಾ… ಈ ಸಾಲೊಂದು ಮುಗಿ